ಕಾಣದಕ್ಕನ ಸಹಿ

ತೊಂಬತ್ತೆರಡು ಕೆಜಿ ತೂಕದ ಮನುಷ್ಯನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವುದು ಅಂದರೆ ಅದೇನು ಹುಡುಗಾಟವೇ? ಇಬ್ಬರು ಬೇಕು ಅಂತ, ಮನೆಮನೆಗೆ ಆರೈಕೆಯವರನ್ನು ಕಳಿಸುವ ಏಜೆನ್ಸಿಯ ನಿಯಮವೇ ಹೇಳುತ್ತದೆ. ದಿನಾ ತುಂಬುವ ಫಾರಮ್ಮಿನಲ್ಲಿ ಎರಡು ಗೆರೆ: ಎತ್ತಿದವರು ಒಂದು, ಎತ್ತಿದವರು ಎರಡು. ಆದರೆ ಆ ಮೂರನೇ ಮಹಡಿಯ ಮನೆಗೆ ಬೆಳಿಗ್ಗೆ ಎಂಟಕ್ಕೆ ಏದುಸಿರು ಬಿಡುತ್ತಾ ಬರುತ್ತಿದ್ದವಳು ಒಬ್ಬಳೇ.

ಅವಳನ್ನು ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು. ನರ್ಸು ಗಿರ್ಸು ಏನೂ ಓದಿದವಳಲ್ಲ. ಹದಿನೈದು ದಿನದ ತರಬೇತಿ, ಒಂದು ನೀಲಿ ಕೋಟು, ಅಷ್ಟೇ. ಅವಳಿಗೆ ವಯಸ್ಸು ನಲವತ್ತೇಳು, ಅವಳ ಸೊಂಟಕ್ಕೆ ಅರವತ್ತು. ಎತ್ತಿಸಿಕೊಳ್ಳುವವರು ಲಾರಿ ಓಡಿಸಿ ನಿವೃತ್ತರಾದ ಡ್ರೈವರಜ್ಜ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಲಗೈ ಮತ್ತು ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದ್ದವು. ಮಗಳು ಏಳೂವರೆಗೇ ಬಟ್ಟೆ ಅಂಗಡಿಯ ಕೆಲಸಕ್ಕೆ ಓಡಿದರೆ ಮರಳುವುದು ಸಂಜೆ.

ಮೊದಲ ವಾರವೇ ನರ್ಸಮ್ಮ ಸೂಪರ್‌ವೈಸರ್‌ಗೆ ಫೋನು ಮಾಡಿದ್ದಳು. "ಮೇಡಂ, ಒಬ್ಬಳ ಕೈಲಿ ಆಗಲ್ಲ, ಇನ್ನೊಬ್ಬರನ್ನ ಕಳಿಸಿ."

"ಇನ್ನೊಬ್ಬರು ಎಲ್ಲಿಂದ ತರ್ಲಮ್ಮ? ಆಗಲ್ಲ ಅಂತ ಬರೆದುಕೊಡು, ಆ ಮನೆ ಬಿಟ್ಟುಬಿಡೋಣ. ಅವರು ಆಸ್ಪತ್ರೆ ವಾರ್ಡಿಗೆ ಹೋಗ್ತಾರೆ. ನೀನು ಇನ್ನೊಂದು ಮನೆ ಸಿಗೋವರೆಗೂ ಸುಮ್ನೆ ಕೂತಿರು."

ವಾರ್ಡು ಅಂದದ್ದು ಕಿವಿಗೆ ಬಿದ್ದು ಅಜ್ಜನ ಮುಖ ಬಿಳಚಿಕೊಂಡಿತು. ಅಲ್ಲಿ ನಲವತ್ತು ದಿನ ಮಲಗಿ, ಬೆನ್ನೆಲ್ಲಾ ಹುಣ್ಣು ಮಾಡಿಕೊಂಡು ಬಂದ ಜೀವ ಅದು. "ಸಾಯೋದಾದ್ರೆ ಇಲ್ಲೇ ಸಾಯ್ತೀನಿ ತಾಯಿ, ಅಲ್ಲಿಗೆ ಮಾತ್ರ ಕಳಿಸ್ಬೇಡ," ಅಂದರು. ಅವಳಿಗೂ ಕೂತು ತಿನ್ನುವ ಯೋಗವಿರಲಿಲ್ಲ. ಮೊದಲ ಗೆರೆಯಲ್ಲಿ ಬಲಗೈಯಿಂದ ತನ್ನ ಸಹಿ ಹಾಕಿದಳು. ಎರಡನೆಯದರಲ್ಲಿ ಎಡಗೈಯಿಂದ, ಬಾಯಿಗೆ ಬಂದ ಯಾವುದೋ ಹೆಸರು ಗೀಚಿದಳು.

"ಯಾರಮ್ಮಾ ಇವಳು?"

"ಕಾಣದಕ್ಕ."

ಅಜ್ಜ ನಕ್ಕಿದ್ದೇ ನಕ್ಕಿದ್ದು. ಅಂದಿನಿಂದ ದಿನಾ ಅದೇ ತಮಾಷೆ. "ಕಾಣದಕ್ಕ ಬಂದ್ಲಾ?" "ಬಂದಿದ್ದಾಳೆ ಅಜ್ಜ, ಮೈಗಳ್ಳಿ, ನಿಂತು ನೋಡ್ತಾಳೆ ಅಷ್ಟೇ." ನಿಜ ಹೇಳಬೇಕೆಂದರೆ ಆ ಎರಡನೇ ಆಳು ಅಜ್ಜನ ಬಲಗೈಯೇ. ಅವಳು ಸೊಂಟಕ್ಕೆ ಕೈ ಹಾಕಿ "ಒಂದು" ಅನ್ನುವಳು, ಅವರು ಮಂಚದ ಸರಳು ಹಿಡಿದು "ಎರಡು" ಅನ್ನುವರು, ಮೂರಕ್ಕೆ ಇಬ್ಬರೂ ಇದ್ದಬದ್ದ ಬಲವೆಲ್ಲ ಹಾಕಿ ಎದ್ದೇಳುವರು. ಎತ್ತಿದ ಮೇಲೆ ಕೈ ನಡುಗಿ ಎಡಗೈ ಸಹಿ ಕೆಡುತ್ತಿತ್ತು, ಅದಕ್ಕೆ ಅವಳು ಎತ್ತುವ ಮೊದಲೇ ಎರಡೂ ಸಹಿ ಹಾಕಿಬಿಡುತ್ತಿದ್ದಳು. ಹನ್ನೊಂದು ತಿಂಗಳು ಹೀಗೇ ನಡೆಯಿತು. ಮಗಳಿಗೂ ಹೇಳಲಿಲ್ಲ, ಅವಳು ದೂರು ಕೊಟ್ಟರೆ ಮತ್ತೆ ವಾರ್ಡೇ ಗತಿ.

ಆ ಮಂಗಳವಾರ ಕುರ್ಚಿಯ ಒಂದು ಗಾಲಿಯ ಬ್ರೇಕು ಹಿಡಿಯಲಿಲ್ಲ. ಹಿಂದೆ ಒಬ್ಬರು ಕುರ್ಚಿ ಹಿಡಿದು ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಕುರ್ಚಿ ಹಿಂದಕ್ಕೆ ಜಾರಿತು, ಅಜ್ಜ ನೆಲಕ್ಕೆ ಕುಸಿದರು, ಊರಿದ ಬಲಗೈ ಮಣಿಕಟ್ಟಿನಲ್ಲಿ ಲಟಕ್ಕೆಂದಿತು. ಅಯ್ಯೋ, ಇದ್ದದ್ದು ಅದೊಂದೇ ಕೈ! ಅವಳು ಎತ್ತಲಾರದೆ, ಏಜೆನ್ಸಿಗೆ ಫೋನು ಮಾಡಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೇ ಕೂತಳು.

ಮುಕ್ಕಾಲು ಗಂಟೆಯ ಮೇಲೆ ಸೂಪರ್‌ವೈಸರ್ ಆಂಬುಲೆನ್ಸಿನವರ ಜೊತೆ ಬಂದಳು. ಅಜ್ಜನನ್ನು ಸ್ಟ್ರೆಚರಿಗೆ ಹಾಕುತ್ತಿದ್ದರೆ ಅವಳು ನೇರ ಹೋಗಿ ಫಾರಂ ನೋಡಿದಳು. "ಎರಡು ಸಹಿ ಇದೆ. ಇನ್ನೊಬ್ಬಳು ಎಲ್ಲಿ?"

ನರ್ಸಮ್ಮ ನೆಲದಿಂದ ಎದ್ದು ನಿಂತಳು. ಇಲ್ಲ ಅಂದರೆ ಹನ್ನೊಂದು ತಿಂಗಳ ಕಳ್ಳಸಹಿ; ಕೆಲಸ ಹೋಯಿತು, ಅಜ್ಜ ವಾರ್ಡಿಗೆ. ಇದ್ದಳು ಅಂದರೆ ಎಲ್ಲಿಂದ ತಂದು ನಿಲ್ಲಿಸುವುದು? ಅತ್ತ ದರಿ, ಇತ್ತ ಪುಲಿ.

"ಈಗ ತಾನೇ ಹೋದ್ಲು," ಅಜ್ಜ ನೋವಿಗೆ ಹಲ್ಲು ಕಚ್ಚಿಕೊಂಡು ಅಂದರು. "ಇಬ್ರೂ ಇದ್ರು ಮೇಡಂ. ಜಾರಿದ್ದು ನಾನೇ."

ತಾನು ಎರಡನೆಯವಳನ್ನು ಕಳಿಸಿಯೇ ಇಲ್ಲ ಅನ್ನುವುದು ಆ ಮಹಾತಾಯಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೂ ನಿಟ್ಟುಸಿರು ಬಿಟ್ಟು, "ಸರಿ ಹಾಗಾದ್ರೆ. ನಿಯಮದ ಪ್ರಕಾರವೇ ನಡೆದಿದೆ ಅಂತ ಬರೀತೀನಿ," ಅಂದಳು.

ಸಂಜೆ ಪ್ಲಾಸ್ಟರಿನ ಕೈಯೊಂದಿಗೆ ಅಜ್ಜ ಮನೆಗೆ ಬಂದಾಗ ಮಗಳು ಅಳುತ್ತಾ ಬೈದಳು. "ಇಬ್ಬಿಬ್ರಿದ್ರಲ್ಲಾ, ಒಬ್ಬಳಾದ್ರೂ ಕುರ್ಚಿ ಹಿಡ್ಕೋಬಾರ್ದಿತ್ತಾ?" ನರ್ಸಮ್ಮ ಅಜ್ಜನ ಹೊದಿಕೆ ಸರಿಮಾಡಿದಳು. ಹೇಳಿಬಿಡೋಣ ಅಂತ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಎಂಟಕ್ಕೆ ಬಂದಳು, ಒಬ್ಬಳೇ. ನಿಯಮ ಸರಿಯಾಗಿ ನಡೆಯುತ್ತಿರುವ ಮನೆಗೆ ಹೊಸ ಆಳನ್ನು ಯಾರು ಕಳಿಸುತ್ತಾರೆ? ಬ್ರೇಕು ಕೆಟ್ಟ ಗಾಲಿಗೆ ಒಂದು ಇಟ್ಟಿಗೆ ಕೊಟ್ಟಳು. ಅಜ್ಜ ಒದ್ದೆಯಲ್ಲಿ ಮಲಗಿದ್ದರು, ತಡಮಾಡುವ ಹಾಗಿರಲಿಲ್ಲ. ಬಲಗೈಯಿಂದ ಒಂದು ಸಹಿ, ಎಡಗೈಯಿಂದ ಇನ್ನೊಂದು. ಅಜ್ಜ ಕಾಣದಕ್ಕನ ಸುದ್ದಿ ಎತ್ತಲಿಲ್ಲ.

ಅವಳು ಬಗ್ಗಿ ಸೊಂಟಕ್ಕೆ ಕೈ ಹಾಕಿ, "ಒಂದು," ಅಂದಳು.

ಎರಡು ಅನ್ನಬೇಕಾದವರು ಪ್ಲಾಸ್ಟರಿನ ಕೈ ನೋಡುತ್ತಾ ಸುಮ್ಮನಿದ್ದರು.