ಎರಡು ಸಲ ರೆಪ್ಪೆ ಮುಚ್ಚಿದರೆ ಇಲ್ಲ

ಎಡಗಾಲಿನ ಚಪ್ಪಲಿ ಬಿಟ್ಟುಹೋಗಿತ್ತು. ಸ್ಟಾಫ್ ರೂಮಿನ ಬಾಗಿಲ ತನಕ ನಡೆದು ಬಂದವಳು ಯಾಕೋ ಕೆಳಗೆ ನೋಡಿದೆ, ಒಂದು ಕಾಲು ಬರಿಗಾಲು. ಚಪ್ಪಲಿ ಹಿಂದೆ ವರಾಂಡದ ನಡುವೆ ಬಿದ್ದಿತ್ತು. ಅದು ಯಾವಾಗ ಬಿಟ್ಟಿತೋ ಕಾಲಿಗೆ ಗೊತ್ತೇ ಆಗಿರಲಿಲ್ಲ. ಏಳನೇ ಕ್ಲಾಸಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ.

ನನ್ನ ಕಾಯಿಲೆ ಶುರುವಾದದ್ದು ಹೀಗೆ, ನಗುವುದರಿಂದ.

ಸ್ವಲ್ಪ ದಿನಗಳ ಹಿಂದೆ ಒಂದು ಮದುವೆಯ ಊಟ ಉಂಡು ಹೊಟ್ಟೆ ಕೆಟ್ಟಿತ್ತು. ಮಜ್ಜಿಗೆ ಅನ್ನ ತಿಂದು ಸರಿಮಾಡಿಕೊಂಡಿದ್ದೆ. ಅದಕ್ಕೂ ಈ ಚಪ್ಪಲಿಗೂ ಸಂಬಂಧ ಇರಬಹುದು ಎಂದು ಯಾರು ತಾನೇ ಯೋಚಿಸುತ್ತಾರೆ? ಪಾದದಲ್ಲಿ ಇರುವೆ ಹರಿದ ಹಾಗೆ ಜುಮು ಜುಮು ಅನ್ನುತ್ತಿತ್ತು. ಓಡುವವರ ಪಾದಕ್ಕೆ ಏನೇನೋ ಆಗುತ್ತಿರುತ್ತದೆ ಎಂದು ಸುಮ್ಮನಾದೆ.

ಹೌದು, ನಾನು ಓಡುತ್ತಿದ್ದೆ. ಕಾರವಾರದಲ್ಲಿ, ಮಕ್ಕಳನ್ನು ಬೆಳೆಸಿ ಹಾಸ್ಟೆಲಿಗೆ ಕಳಿಸಿದ ವಯಸ್ಸಿನಲ್ಲಿ, ಚೂಡಿದಾರದ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು. ಜೊತೆಗೆ ಶೈಲಾ. ಟೆಲಿಫೋನ್ ಕಚೇರಿಯಲ್ಲಿ ಕೆಲಸ, ನಮ್ಮ ಓಣಿಯ ಕೊನೆಯ ಮನೆ, ಮನೆಮಾತು ಕೊಂಕಣಿ. ಅವಳ ಗಂಡ ಹಡಗಿನಲ್ಲಿ, ಮನೆಯಲ್ಲಿ ಅತ್ತೆ. ಅವಳು ನನ್ನನ್ನು ‘ಗೋ’ ಎನ್ನದೆ ಕರೆದದ್ದೇ ಇಲ್ಲ. ಅವರಲ್ಲಿ ಹೆಂಗಸರು ಸಲಿಗೆಯ ಹೆಂಗಸರನ್ನು ಕರೆಯುವುದು ಹಾಗೆ.

ವಾರದ ದಿನಗಳಲ್ಲಿ ಬೀಚಿನ ಗಟ್ಟಿ ಮರಳಿನ ಮೇಲೆ ಓಟ. ಭಾನುವಾರ ಹೆದ್ದಾರಿ, ಇಲ್ಲದಿದ್ದರೆ ಸೇತುವೆ ದಾಟಿ ಹಣಕೋಣದ ಕಡೆ. ಇಬ್ಬರಿಗೂ ಸೇರಿ ಒಂದೇ ಸೈಕಲ್ಲು, ಶೈಲಾನದು, ಮುಂದೆ ಬುಟ್ಟಿ ಇದ್ದ ಲೇಡೀಸ್ ಸೈಕಲ್. ಒಬ್ಬಳು ಸೈಕಲ್ ಹೊಡೆದು ಮುಂದೆ ಹೋಗಿ, ಮೊದಲೇ ಮಾತಾಡಿಕೊಂಡ ಮೋರಿಗೋ ಅಂಗಡಿಗೋ ಅದನ್ನು ಒರಗಿಸಿಟ್ಟು ಓಟ ಶುರುಮಾಡಬೇಕು. ಹಿಂದೆ ಓಡಿ ಬರುವವಳು ಅದನ್ನು ಹತ್ತಿ, ಓಡುವವಳನ್ನು ದಾಟಿ, ಮತ್ತೆ ಮುಂದೆಲ್ಲೋ ಒರಗಿಸಬೇಕು. ಹೀಗೆ ಇಬ್ಬರಿಗೂ ಓಟವೂ ಆಯಿತು, ಸವಾರಿಯೂ ಆಯಿತು. ಹಣಕೋಣದ ದಾರಿಯಲ್ಲಿ ಒಮ್ಮೆ ನನ್ನ ಓಟ ನೋಡಿ ಬಸ್ಸೇ ನಿಂತುಬಿಟ್ಟಿತ್ತು. "ಹತ್ತಿ ಬಾಯಿ, ಅಷ್ಟ್ಯಾಕೆ ಓಡ್ತ್ರಿ, ನಿಲ್ಸೂದಿಲ್ವ ನಾವು?" ಎಂದ ಕಂಡಕ್ಟರ್. ಅಮ್ಮಾ ಎನ್ನುವ ಕಡೆ ಇಲ್ಲಿಯವರು ‘ಬಾಯಿ’ ಎನ್ನುತ್ತಾರೆ. ಬಸ್ಸಿಗಲ್ಲದೆ ಹೆಂಗಸು ಇನ್ನೇತಕ್ಕೆ ಓಡುತ್ತಾಳೆ?

ಒಂದು ದಿನ ಸೈಕಲ್ಲೇ ಇಲ್ಲದೆ ಕಾರವಾರದಿಂದ ಅಂಕೋಲೆಯ ತನಕ ಓಡಬೇಕು, ಅಲ್ಲಿ ನನ್ನ ತವರಿನಲ್ಲಿ ಅವಲಕ್ಕಿ ತಿಂದು ಬಸ್ಸಿನಲ್ಲಿ ವಾಪಸು ಬರಬೇಕು. ಇದು ನಮ್ಮ ಆಸೆ. ಇದರಲ್ಲಿ ಯಾರಿಗೂ ಏನೂ ಉಪಯೋಗವಿರಲಿಲ್ಲ. ಅದಕ್ಕೇ ಅದು ಪೂರ್ತಿ ನನ್ನದಾಗಿತ್ತು.

ಚಪ್ಪಲಿ ಬಿಟ್ಟ ಮಾರನೇ ದಿನ ಭಾನುವಾರ. ಹೊರಡುವಾಗಲೇ ಹೇಳಿದೆ, ಕಾಲು ಯಾಕೋ ನನ್ನ ಮಾತು ಕೇಳುತ್ತಿಲ್ಲ, ಇವತ್ತು ಬೇಡವೇನೋ ಎಂದು.

"ಎಂತ ಆಗೂದಿಲ್ಲ ಗೋ," ಎಂದಳು ಶೈಲಾ. "ಜೋಮು ಹಿಡದದೆ ಅಷ್ಟೆ. ಓಡಿದ್ರೆ ತನ್ನಷ್ಟಕ್ಕೆ ಬಿಡ್ತದೆ. ನೀ ಬರೂದಿಲ್ಲ ಅಂದ್ರೆ ನನ್ನ ಒಬ್ಬಳೇ ಬಿಡ್ತಾರಾ ಮನೇಲಿ?"

ಓಡಿದೆ. ಬಿಣಗಾ ಘಟ್ಟ ಹೇಗೆ ಇಳಿದೆನೋ ನೆನಪಿಲ್ಲ. ಅಮದಳ್ಳಿಯ ಹತ್ತಿರ ಮೋರಿಗೆ ಸೈಕಲ್ ಒರಗಿಸಿ ಅವಳು ಮುಂದೆ ಹೋಗಿದ್ದಳು. ನಾನು ಹತ್ತಿದೆ. ಪೆಡಲಿನ ಮೇಲೆ ಪಾದ ಇಟ್ಟೆ. ಜಾರಿತು. ಮತ್ತೆ ಇಟ್ಟೆ. ಕೈಯಿಂದ ಎತ್ತಿ ಇಟ್ಟೆ. ಒತ್ತು ಎಂದರೆ ಪಾದ ಒತ್ತುವುದಿಲ್ಲ. ಸೈಕಲ್ಲಿನ ಸಮೇತ ಮಣ್ಣಿನ ಮೇಲೆ ಬಿದ್ದೆ, ಏಳಲು ಆಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಶೈಲಾ ಹುಡುಕಿಕೊಂಡು ಹಿಂದೆ ಬಂದಳು. ಯಾರದೋ ಟೆಂಪೋದಲ್ಲಿ ನನ್ನನ್ನೂ ಸೈಕಲ್ಲನ್ನೂ ಹಾಕಿಕೊಂಡು ಮನೆಗೆ ತಂದಳು.

ಊರಿನ ಡಾಕ್ಟರು ವೀಕ್‌ನೆಸ್ ಎಂದರು. ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟರು. ಮರುದಿನ ಬಚ್ಚಲಿನಲ್ಲಿ ಮಣೆಯಿಂದ ಏಳಲಾಗಲಿಲ್ಲ. ಅದರ ಮರುದಿನ ಕೈಯಿಂದ ಬ್ರಷ್ ಬಿತ್ತು. ಮಾತು ಮೂಗಿನಿಂದ ಬರತೊಡಗಿತು. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ನಮ್ಮನೆಯವರು ಆಂಬುಲೆನ್ಸ್ ತರಿಸಿದರು. "ಅಂಕೋಲೆ ಬಂತು ನೋಡು," ಎಂದರು ದಾರಿಯಲ್ಲಿ, ಧೈರ್ಯ ತುಂಬಲು. ಓಡಿ ಮುಟ್ಟಬೇಕು ಎಂದುಕೊಂಡಿದ್ದ ಊರನ್ನು ಅಂಗಾತ ಮಲಗಿಕೊಂಡು, ಸೂರು ನೋಡುತ್ತ ದಾಟಿದೆ.

ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದರು. ನರಗಳಿಗೆ ಕರೆಂಟು ಕೊಟ್ಟು ಟೆಸ್ಟ್ ಮಾಡಿದರು. ನ್ಯೂರಾಲಜಿಸ್ಟ್ ಹೆಸರು ಹೇಳಿದರು, ಗಿಲನ್ ಬರೇ ಸಿಂಡ್ರೋಮ್. ಹೊಟ್ಟೆಯ ಸೋಂಕಿನ ಜೊತೆ ಹೋರಾಡಲು ಹೊರಟ ಮೈಯ ಸೈನ್ಯ ದಾರಿ ತಪ್ಪಿ ಮೈಯ ನರಗಳನ್ನೇ ತಿನ್ನುವುದಂತೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುವುದಂತೆ.

ಎದೆಯ ತನಕ ಏರಿತು. ವೆಂಟಿಲೇಟರ್ ಹಾಕಿದರು.

ಜನರಿಗೆ ಇದನ್ನು ಎಷ್ಟು ಹೇಳಿದರೂ ತಿಳಿಯುವುದಿಲ್ಲ, ಆದರೂ ಹೇಳುತ್ತೇನೆ. ನನಗೆ ಪ್ರಜ್ಞೆ ತಪ್ಪಿರಲಿಲ್ಲ. ಐಸಿಯುನಲ್ಲಿ ನಾನು ಪೂರ್ತಿ ಎಚ್ಚರವಿದ್ದೆ. ಬೆರಳು ಆಡದು, ನಾಲಗೆ ಹೊರಳದು, ಗಂಟಲಿನಲ್ಲಿ ಕೊಳವೆ. ಮೂಗಿನ ಮೇಲೆ ನೊಣ ಕೂತರೆ ಅದು ತಾನಾಗಿ ಎದ್ದು ಹೋಗುವ ತನಕ ಕಾಯಬೇಕು. ನರ್ಸ್ ಒಂದು ಉಪಾಯ ಹೇಳಿಕೊಟ್ಟಳು: ರೆಪ್ಪೆ ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಒಳ್ಳೆಯ ಹುಡುಗಿ. ಆದರೆ ಹೌದು ಮತ್ತು ಇಲ್ಲ ಎರಡೇ ಇರುವವಳು ಜನ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬಲ್ಲಳು. ನೋವಾಗುತ್ತಿದೆಯಾ? ಫ್ಯಾನ್ ಹಾಕಬೇಕಾ? ಮಗ್ಗುಲು ಬದಲಿಸಲಾ? ಇವಿಷ್ಟೇ ಪ್ರಶ್ನೆ. ಮುಖ ತಿರುಗಿಸಿಕೊಳ್ಳಲೂ ಆಗದಿದ್ದಾಗ ಮನುಷ್ಯರು ತಮ್ಮೊಳಗೆ ಮಾತಾಡಿಕೊಳ್ಳುವುದನ್ನೆಲ್ಲ ಕೇಳಿಸಿಕೊಳ್ಳಬೇಕಾಗುತ್ತದೆ.

ಒಂದು ಸಂಜೆ ಭೇಟಿಯ ಹೊತ್ತಿಗೆ ಶೈಲಾ ಬಂದಳು. ಬಸ್ಸಿನಲ್ಲಿ ಅಷ್ಟು ದೂರ, ರಜೆ ಹಾಕಿ. ಮಂಚದ ಆ ಕಡೆ ನಮ್ಮನೆಯವರು, ಈ ಕಡೆ ಅವಳು. ಅವರು ನನ್ನ ಮೇಲಿನಿಂದಲೇ ಅವಳಿಗೆ ಹೇಳಿದರು, "ನೀವಾದ್ರೂ ಆವತ್ತು ಬೇಡ ಅನಬೇಕಿತ್ತು."

ಶೈಲಾ ಹೇಳಿದಳು, "ನಾ ಎಷ್ಟು ಹೇಳ್ದೆ ಅಣ್ಣಾ. ಇವತ್ತು ಬೇಡ ಗೋ, ಮನೇಲೆ ಇರು ಅಂತ. ಕೇಳಬೇಕಲ್ಲ ಅವಳು."

ನಾನು ಎರಡು ಸಲ ರೆಪ್ಪೆ ಮುಚ್ಚಿದೆ.

ಯಾರೂ ನೋಡಲಿಲ್ಲ. ಮತ್ತೆ ಮುಚ್ಚಿದೆ, ಮತ್ತೆ ಮತ್ತೆ. ನರ್ಸ್ ಬಂದು ಕಣ್ಣು ಒಣಗಿದೆ ಎಂದು ಡ್ರಾಪ್ಸ್ ಹಾಕಿದಳು.

ಆ ಸುಳ್ಳಿನ ಜೊತೆ ಉಳಿದ ವಾರಗಳನ್ನೆಲ್ಲ ಆ ಮಂಚದ ಮೇಲೆ ಕಳೆದೆ. ಕೊಳವೆ ತೆಗೆದರೆ ಮೊದಲ ಮಾತು ಇದನ್ನೇ ಹೇಳಬೇಕು ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ. ತೆಗೆದಾಗ ಬಾಯಿಂದ ಬಂದದ್ದು ನೀರು ಎಂಬ ಮಾತು. ದನಿ ನನ್ನದೇ ಎಂದು ಗೊತ್ತಾಗಲಿಲ್ಲ.

ಬಿಡುಗಡೆಯ ದಿನ ನಾನೇ ಡಾಕ್ಟರನ್ನು ಕೇಳಿದೆ. "ಓಡಿದ್ದಕ್ಕೆ ಹೀಗಾಯಿತೇ ಸರ್?"

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ. ಆ ದಿನ ಮನೆಯಲ್ಲಿ ಮಲಗಿದ್ದರೂ ಇದು ಬರುತ್ತಿತ್ತು. ಓಡಿ ಗಟ್ಟಿಯಾಗಿದ್ದ ಶ್ವಾಸಕೋಶ, ಅದೇ ನಿಮಗೆ ಅನುಕೂಲವಾಯಿತು."

ನಮ್ಮನೆಯವರು ಪಕ್ಕದಲ್ಲೇ ಇದ್ದರು, ತಲೆ ಆಡಿಸಿದರು. ಕಾರವಾರಕ್ಕೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅವರು ಹೇಳಿದ್ದು, "ಇನ್ನು ಅದೆಲ್ಲ ಬಂದ್. ಓಡಿ ಓಡಿ ನರ ಸವೆದು ಹೋಗ್ಯದೆ." ಕೆಟ್ಟವರಲ್ಲ. ನನ್ನ ಮಲಮೂತ್ರ ಎತ್ತಿದ್ದಾರೆ, ತಲೆ ಬಾಚಿದ್ದಾರೆ, ಜಡೆ ಹಾಕಲು ಬಾರದೆ ರಬ್ಬರ್ ಬ್ಯಾಂಡು ಸುತ್ತಿದ್ದಾರೆ. ಅಷ್ಟೆಲ್ಲ ಮಾಡಿದವರಿಗೆ ಒಂದು ಕಾರಣ ಬೇಕಿತ್ತು. ಕಣ್ಣಿಗೆ ಕಾಣದ ಸೋಂಕಿಗಿಂತ ಕಣ್ಣಿಗೆ ಕಾಣುತ್ತಿದ್ದ ನನ್ನ ಹಟ ಅವರಿಗೆ ಹತ್ತಿರವಾಯಿತು. ನನ್ನ ಶೂಗಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು.

ಬಂದವರು ಎರಡು ಮಾತು ಆಡದೆ ಹೋಗುತ್ತಿರಲಿಲ್ಲ. ಪುಣ್ಯ, ಜೀವ ಉಳಿಯಿತು. ಮತ್ತೆ, ಆ ಶೈಲಾ ಬೇಡ ಅಂದಿದ್ದಳಂತಲ್ಲ, ಕೇಳಬಾರದಿತ್ತಾ. ಶೈಲಾ ಮಿತಿ ಅರಿತವಳು ಎಂದು ಅವಳ ಅತ್ತೆ ಓಣಿಯಲ್ಲೆಲ್ಲ ಹೊಗಳಿಕೊಂಡು ಬಂದರಂತೆ. ಆ ನಂಬಿಕೆಯ ಮೇಲೆ ಈಗ ಒಬ್ಬಳನ್ನೇ ಬಿಡುತ್ತಿದ್ದರು, ಬೆಳಿಗ್ಗೆ ಅವಳು ಬೀಚಿಗೆ ಓಡಲು ಹೋಗುತ್ತಿದ್ದಳು. ಓಣಿಯಲ್ಲಿ ಅವಳ ಹೆಜ್ಜೆ ಸದ್ದು ನನಗೆ ಗೊತ್ತಾಗದೆ ಇರುತ್ತದೆಯೆ? ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದೆ. ಅವಳು ಓಡು ಅಂದಿದ್ದರಿಂದ ನನಗೆ ಏನೂ ಆಗಿರಲಿಲ್ಲ, ಡಾಕ್ಟರೇ ಹೇಳಿದರಲ್ಲ. ಬೇಡ ಅಂದಿದ್ದೆ ಎಂದಳಲ್ಲ, ಅದರಿಂದ ಆಯಿತು.

ಸಂಜೆ ಕಚೇರಿ ಮುಗಿಸಿ ಅವಳೇ ನನ್ನನ್ನು ನಡೆಸಲು ಬರುತ್ತಿದ್ದಳು. ಫಿಸಿಯೋದವರು ಬರುವುದು ವಾರಕ್ಕೊಮ್ಮೆ. ಪಾದ ಜೋಲದಿರಲು ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟಿದ್ದರು. ನಮ್ಮನೆಯವರು ಹಿಡಿದರೆ ನನಗೆ ಬೀಳುವ ಭಯ, ಶೈಲಾ ಹಿಡಿದರೆ ಇಲ್ಲ. ನನ್ನ ಹೆಜ್ಜೆಯ ಲಯ ಅವಳಿಗೆ ಗೊತ್ತಿತ್ತು. ಒಂದು ದಿನ ಅಂಗಳದಲ್ಲಿ, ಅವಳ ಭುಜದ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ.

"ಬೇಡ ಅಂದದ್ದು ನಾನು. ಓಡು ಅಂದದ್ದು ನೀನು. ಐಸಿಯುನಲ್ಲಿ ನಂಗೆ ಎಲ್ಲ ಕೇಳ್ತಿತ್ತು ಶೈಲಾ."

ಭುಜ ಒಮ್ಮೆ ಬಿಗಿಯಾಯಿತು. ಅವಳು ನಿಲ್ಲಲಿಲ್ಲ, ನಡೆಸುತ್ತಲೇ ಇದ್ದಳು.

"ನಿಜ ಹೇಳಿದ್ರೆ ನನ್ನ ಮತ್ತೆ ಹೊರಗೆ ಬಿಡ್ತಿದ್ರಾ?" ಎಂದಳು. ಅಂಗಳದ ಕೊನೆಯಲ್ಲಿ ನನ್ನನ್ನು ತಿರುಗಿಸುತ್ತ ಸಣ್ಣ ದನಿಯಲ್ಲಿ, "ನೀ ಉಳೀತೆ ಅಂತ ನಂಗೆ ಅನ್ನಿಸಿದ್ದಿಲ್ಲ ಗೋ."

ಸತ್ತವಳು ಇಲ್ಲ ಎನ್ನಲು ಬರುವುದಿಲ್ಲವಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ನಮ್ಮನೆಯವರ ಮುಂದೆ ಹೇಳು ಎಂದೆ. ಅವಳು ಒಳಗೆ ಬಂದು, ಚಹಾದ ಲೋಟ ಕೈಯಲ್ಲಿ ಹಿಡಿದು ಹೇಳಿಯೂ ಬಿಟ್ಟಳು. "ಆವತ್ತು ಇವಳು ಬೇಡ ಅಂದಿದ್ದಳು ಅಣ್ಣಾ. ನಾನೇ ಎಳಕಂಡು ಹೋದದ್ದು." ನಮ್ಮನೆಯವರು ಪೇಪರಿನಿಂದ ತಲೆ ಎತ್ತಿದರು. "ಆದದ್ದು ಆಗಿ ಹೋಯ್ತು. ಈಗೆಂತಕ್ಕೆ ಅದು?" ಎಂದರು.

ಅಷ್ಟೇ. ಆ ಮಂಚದ ಮೇಲೆ ನಾನು ಯಾವುದಕ್ಕಾಗಿ ಹಲ್ಲು ಕಚ್ಚಿಕೊಂಡು ಉಳಿದೆನೋ, ಅದನ್ನು ಕೇಳಿ ಅವರು ಪುಟ ತಿರುಗಿಸಿದರು.

ಮಾತು ಮಾತ್ರ ಓಣಿಯ ಕೊನೆಗೆ, ಶೈಲಾಳ ಮನೆಗೂ ಹೋಯಿತು. ಮಿತಿ ಅರಿತ ಸೊಸೆಯ ಓಟ ಆ ವಾರವೇ ನಿಂತಿತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಬೆಳಿಗ್ಗೆ ಓಣಿಯಲ್ಲಿ ಹೆಜ್ಜೆ ಸದ್ದಿಲ್ಲ ಎಂದು ನೆಮ್ಮದಿಯಿಂದ ಮಗ್ಗುಲು ಬದಲಿಸಿದೆ. ಮಗ್ಗುಲು ಬದಲಿಸಲಾ ಎಂದು ಆಗ ಯಾರೂ ಕೇಳಬೇಕಿರಲಿಲ್ಲ.

ಖುಷಿ ಬಹಳ ದಿನ ಉಳಿಯಲಿಲ್ಲ. ಸಂಜೆ ನನ್ನ ಪಕ್ಕದಲ್ಲಿ ನಡೆಯುವಾಗ ಅವಳ ಕಾಲು ನನ್ನ ಕಾಲಿನ ಹಾಗೆಯೇ ಎಳೆಯತೊಡಗಿದವು. ಸೋತ ಕಾಲು ನನ್ನವು, ಅವಳವಲ್ಲ. ಅದು ನೋಡಲಾರದೆ, ಒಂದು ದಿನ ಕೋಲೂರಿಕೊಂಡು ಅವಳ ಮನೆಯ ಮೆಟ್ಟಿಲು ಹತ್ತಿದೆ. ಅವಳ ಅತ್ತೆ ಕುರ್ಚಿ ಕೊಟ್ಟರು, ಕೋಕಂ ಶರಬತ್ತು ಕೊಟ್ಟರು. ಡಾಕ್ಟರು ಹೇಳಿದ್ದನ್ನೆಲ್ಲ, ಪಾಠ ಮಾಡುವ ಹಾಗೆ ಬಿಡಿಸಿ ಹೇಳಿದೆ. ಓಟಕ್ಕೂ ಈ ಕಾಯಿಲೆಗೂ ಏನೂ ಸಂಬಂಧ ಇಲ್ಲ ಎಂದೆ. ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಸ್ಪ್ಲಿಂಟ್ ಮೇಲೆ ಕೈ ಸವರಿದರು.

"ನಿನ್ನ ಕಾಲು ಕಂಡ ಮೇಲೂ ಓಡು ಹೇಳಿ ಹ್ಯಾಂಗೆ ಹೇಳಲಿ ಬಾಯಿ?"

ಪ್ರೀತಿಯಿಂದಲೇ ಹೇಳಿದರು. ನ್ಯೂರಾಲಜಿಸ್ಟ್‌ಗಿಂತ ನನ್ನ ಪಾದವೇ ಅವರಿಗೆ ದೊಡ್ಡ ಸಾಕ್ಷಿ. ಜಗಳದ ಮಾತು ಸಿದ್ಧಮಾಡಿಕೊಂಡೇ ಬಂದಿದ್ದೆ. ಬೇರೆಯದೊಂದು ಬಾಯಿಗೆ ಬಂತು.

"ಹೋಗಲಿ ಬಿಡಿ. ಫಿಸಿಯೋದವ್ರು ನಂಗೆ ಮರಳಿನ ಮೇಲೆ ನಡೀಬೇಕು ಹೇಳ್ಯಾರೆ. ಸಂಜೆ ಬೀಚಿಗೆ ಕರಕಂಡು ಹೋಗೂಕೆ ಶೈಲಾನ ಕಳಸ್ತ್ರಾ?"

ಫಿಸಿಯೋದವರು ಹಾಗೆ ಹೇಳಿರಲಿಲ್ಲ. ಮರಳಿನ ಮೇಲೆ ನನ್ನ ಕಾಲು ನಿಲ್ಲುವುದೂ ಇಲ್ಲ. ಅತ್ತೆ ಕೂಡಲೇ ಒಪ್ಪಿದರು, ಪುಣ್ಯದ ಕೆಲಸ ಎಂದರು.

ಈಗ ದಿನಾ ಸಂಜೆ ಆಟೋದಲ್ಲಿ ಹೋಗುತ್ತೇವೆ. ಬೀಚಿನ ಅಂಚಿನಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಸೀರೆ ಎತ್ತಿ ಕಟ್ಟಿಕೊಂಡು ಅವಳು ಓಡುತ್ತಾಳೆ. ಗುರುತಿನವರು ಬಂದು ಶೈಲಾ ಎಲ್ಲಿ ಎಂದರೆ ನನಗೆ ಎಳನೀರು ತರಲು ಹೋಗಿದ್ದಾಳೆ ಎನ್ನುತ್ತೇನೆ. ಅವಳು ಕಾಳಿ ನದಿ ಸಮುದ್ರ ಸೇರುವ ಕಡೆ ಸಣ್ಣಗಾಗುತ್ತ ಹೋಗುವುದನ್ನು ನೋಡುವಾಗ ಪ್ರತಿ ಸಲವೂ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ನಾನು ಅವಳನ್ನು ಕ್ಷಮಿಸಿಲ್ಲ. ಡಾಕ್ಟರು ನನ್ನ ಪಾದ ಇನ್ನೂ ಸ್ವಲ್ಪ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಎಂದಿದ್ದಾರೆ. ಕ್ಷಮೆಗೂ ಅದೇ ಉತ್ತರ.

ನಿನ್ನೆ ಓಡಿ ಬಂದವಳು ಬೆವರು ಸುರಿಸುತ್ತ ಪಕ್ಕದಲ್ಲಿ ಕೂತು, ಉಸಿರು ಸಿಕ್ಕ ಮೇಲೆ ಕೇಳಿದಳು, "ನನ್ನ ಮೇಲೆ ಸಿಟ್ಟು ಹೋಯ್ತಾ ಗೋ?"

ಮಾತು ಬರುತ್ತದೆ ನನಗೆ ಈಗ, ದನಿಯೂ ಸರಿಯಾಗಿದೆ. ಆದರೂ ಅವಳ ಕಡೆ ತಿರುಗಿ ಎರಡು ಸಲ ರೆಪ್ಪೆ ಮುಚ್ಚಿದೆ. ಅವಳಿಗೆ ಆ ಭಾಷೆ ಬರುವುದಿಲ್ಲ. ಭುಜ ಕೊಟ್ಟಳು, ನಾನು ಎದ್ದೆ.