ಕಾಸಿ ಕೊಟ್ಟ ಹುಳಿನೀರು

ಮೊಮ್ಮಗಳು ತಂದ ಹುಳಿ ಪಾನೀಯದ ಬಾಟಲಿಯ ಮೇಲೆ ‘ಬಿಸಿ ಮಾಡಬೇಡಿ, ಹುಳಿಸುವ ಜೀವಾಣುಗಳು ಸಾಯುತ್ತವೆ’ ಎಂದು ಬರೆದಿದೆ. ಅದನ್ನು ಓದಿದ್ದೇ ಕಂಪ್ಲಿಯ ನಮ್ಮ ಅಜ್ಜಿಯ ಮೇಲೆ ಮತ್ತೆ ಸಿಟ್ಟು ಬಂತು.

ನಮ್ಮೂರು ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಅಜ್ಜಿಯ ಕಾಟಕ್ಕೆ ಅವಳ ಕಿರಿಸೊಸೆ, ನಮ್ಮ ಚಿಕ್ಕಮ್ಮ, ಬೇರೆ ಒಲೆ ಹೂಡಿದ್ದಳು. ಜೋಳದ ಅಂಬಲಿಯ ಹಿಟ್ಟು ಹುಳಿಯಲು ಹಳೆಯ ಗಡಿಗೆಯ ಹುಳಿನೀರು ಬೇಕು. ಅದನ್ನು ಕೇಳಲು ಚೆಂಬು ಹಿಡಿದು ಬಂದಳು. ಅಜ್ಜಿ ಇಲ್ಲವೆನ್ನಲಿಲ್ಲ. ಒಳಗೆ ಹೋಗಿ ಹುಳಿನೀರನ್ನು ಕುದಿಯುವಂತೆ ಕಾಸಿ, ಆರಿಸಿ, ತಂದುಕೊಟ್ಟಳು.

ಒಲೆಯ ಪಕ್ಕ ಕುಳಿತಿದ್ದ ನನಗೆ, “ಬಾಯಿ ಬಿಟ್ಟೀ ಅಂದ್ರ ನೋಡು” ಎಂದಳು.

ಚಿಕ್ಕಮ್ಮನ ಹಿಟ್ಟು ಹುಳಿಯಲಿಲ್ಲ, ಕೊಳೆತು ನಾರಿತು. “ಆಕಿ ಕೈಗುಣನ ಹಂಗೈತಿ” ಎಂದು ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಅವತ್ತೇ ನಾನು ಚಿಕ್ಕಮ್ಮನ ಮನೆಗೆ ಹೋಗಿ ಬಾಯಿ ಬಿಟ್ಟೆ. ಅವಳು ಮೆಟ್ರಿಯ ತವರಿನಿಂದ ಹುಳಿನೀರು ತರಿಸಿಕೊಂಡಳು.

ಮರುಬೇಸಿಗೆಗೆ ಅಜ್ಜಿಯ ಗಡಿಗೆ ಒಡೆಯಿತು. ನನ್ನನ್ನು ಕರೆದುಕೊಂಡು, ಚೆಂಬು ಹಿಡಿದು, ಚಿಕ್ಕಮ್ಮನ ಬಾಗಿಲಿಗೆ ಹೋದಳು.

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು: “ಹಂಗ ಕೊಡ್ಲೇನ್ರಿ ಅತ್ತಿ, ಇಲ್ಲಾ ಕಾಸಿ ಕೊಡ್ಲೇನ್ರಿ?”

ಅಜ್ಜಿ ತಿರುಗಿ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಲಿಲ್ಲ.

ಮೊಮ್ಮಗಳ ಬಾಟಲಿಯನ್ನು ಈಗಷ್ಟೇ ತಣ್ಣಗೆ ಕುಡಿದು ಮುಗಿಸಿದೆ.