ಅಕ್ಕನ ಬೆರಳಿಗೆ ಬಿಸಿ ತಾಕಲಿಲ್ಲ

ನಾನು ಚಿಕ್ಕವಳಿದ್ದಾಗ, ಜೇವರ್ಗಿ ಕಡೆಯ ನಮ್ಮ ಸಣ್ಣ ಊರಿನಲ್ಲಿ, ಅಕ್ಕ ಜೋಳದ ರೊಟ್ಟಿ ತಟ್ಟುವ ಪಟಪಟ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಉಬ್ಬಿದ ರೊಟ್ಟಿಯನ್ನು ಅವಳು ಬರಿಗೈಯಿಂದಲೇ ತಿರುವಿ ಹಾಕುತ್ತಿದ್ದಳು. ನಾನು ಹಾಗೆ ಮಾಡಲು ಹೋದರೆ, ಯೋಚಿಸುವ ಮೊದಲೇ ಕೈ ತಾನಾಗಿ ಹಿಂದಕ್ಕೆ ಬಂದುಬಿಡುತ್ತಿತ್ತು. ಅಕ್ಕನಷ್ಟು ಗಟ್ಟಿ ಹುಡುಗಿ ಊರಲ್ಲೇ ಇಲ್ಲವೆಂದು ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ.

ಒಂದು ಮುಂಜಾನೆ ಅಪ್ಪ, ಅವ್ವ ತೊಗರಿ ಕೊಯ್ಯಲು ಹೋಗಿದ್ದರು. ಅಕ್ಕ ಒಲೆಯ ಮುಂದೆ ಕುಳಿತು, ನನ್ನ ಕಡೆ ತಿರುಗಿ ಏನೋ ಹೇಳುತ್ತ ನಗುತ್ತಿದ್ದಳು. ಕೂದಲು ಸುಟ್ಟಂಥ ನಾತ ಮೂಗಿಗೆ ಬಡಿಯಿತು. ನೋಡಿದರೆ ಅವಳ ಬಲಗೈಯ ಕಿರುಬೆರಳು ಕಾದ ಹಂಚಿನ ಅಂಚಿಗೆ ಅಂಟಿಕೊಂಡಿತ್ತು. ಅಕ್ಕ ಇನ್ನೂ ನಗುತ್ತಲೇ ಇದ್ದಳು.

“ಅಕ್ಕಾ, ಬೆರಳ ಸುಡಾಕತ್ತದ!” ಎಂದು ಕಿರುಚಿ ಅವಳ ಕೈ ಎಳೆದೆ. ಚರ್ಮ ಸುಲಿದುಹೋಗಿತ್ತು. ಅದನ್ನು ನೋಡಿ ಅವಳ ಮುಖ ಕಪ್ಪಿಟ್ಟಿತು, ನೋವಿನಿಂದಲ್ಲ, ಭಯದಿಂದ. ಬಾಗಿಲು ಮುಂದೆ ಮಾಡಿ, ಮೊಣಕೈ ಹತ್ತಿರದ ಒಂದು ಮಾಸಲು ಮಚ್ಚೆ ತೋರಿಸಿದಳು. ಅಲ್ಲಿ ಚಿವುಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲವಂತೆ.

“ಯಾರ ಮುಂದೂ ಹೇಳಬ್ಯಾಡ ಬೇ. ಆ ಮುದುಕಗ ಇಟ್ಟಂಗ ನನಗೂ ಊರ ಹೊರಗ ಇಡ್ತಾರ. ಆಣಿ ಮಾಡು.”

ಊರಾಚೆಯ ಗುಡಿಸಲಲ್ಲಿ ಒಬ್ಬ ಮುದುಕನಿದ್ದ. ಅವನಿಗೆ ಕುಷ್ಠ ಬಂದಿದೆಯೆಂದು ಜನ ದೂರದಿಂದಲೇ ರೊಟ್ಟಿ ಎಸೆಯುತ್ತಿದ್ದರು. ನಾನು ಅಕ್ಕನ ತಲೆ ಮುಟ್ಟಿ ಆಣೆ ಮಾಡಿದೆ.

ಮಧ್ಯಾಹ್ನ ಹೊಲಕ್ಕೆ ಬುತ್ತಿ ಒಯ್ದೆ. ಅಪ್ಪ ರೊಟ್ಟಿ ಮುರಿಯುವುದನ್ನು ನೋಡುತ್ತಿದ್ದಂತೆ ಅಳು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅಪ್ಪ ಕೈಯ ತುತ್ತು ಕೆಳಗಿಟ್ಟು ಎದ್ದ. ಅಂದೇ ಅಪ್ಪ, ಅಕ್ಕ, ನಾನು ಅಂದೋಲಾದವರೆಗೆ ನಡೆದು ಜೇವರ್ಗಿಯ ಬಸ್ಸು ಹತ್ತಿದೆವು. ಅಕ್ಕ ಬೇರೆ ಸೀಟಿನಲ್ಲಿ ಕುಳಿತಳು. ನನ್ನ ಕಡೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟತೊಡಗಿದರು. “ಎಲ್ಲಿ ಮುಟ್ಟೀನಿ, ತೋರಸವ್ವಾ.” ಎಡಗೈಗೆ ತಾಕಿದಾಗ ಥಟ್ಟನೆ ತೋರಿಸಿದಳು. ಬಲಗೈಯ ಕಿರುಬೆರಳಿಗೆ ತಾಕಿಸಿದಾಗ ಸುಮ್ಮನೆ ಕಾಯುತ್ತ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, “ಇನ್ನೂ ಮುಟ್ಟಿಲ್ಲ ಅಲ್ರಿ?” ಎಂದಳು.

ಅಪ್ಪ ಗೋಡೆಯ ಕಡೆ ತಿರುಗಿ ನಿಂತ.

“ಬಿಸಿ ತಾಕಿದ ಸುದ್ದಿ ಒಯ್ಯೋದು ನರ. ಸುದ್ದಿ ಮುಟ್ಟಿದ್ರ ಕೈ ತಾನೇ ಹಿಂದಕ್ಕ ಬರ್ತದ. ಈ ನರಕ್ಕ ಕುಷ್ಠ ಹತ್ತ್ಯಾದ,” ಎಂದರು ಡಾಕ್ಟರು. “ಗುಳಿಗಿ ಬಿಡದಂಗ ತಿಂದ್ರ ರೋಗ ಹೋಗ್ತದ. ಮನ್ಯಾಗೇ ಇರ್ಲಿ, ಯಾಕ ಹೊರಗ ಇಡ್ತೀರಿ? ಆದ್ರ ಬೆರಳಿಗಿ ಸ್ಪರ್ಶ ತಿರುಗಿ ಬರ್ತದಂತ ಹೇಳಾಕ ಆಗಲ್ಲ.”

ಅಕ್ಕ ವರ್ಷಗಟ್ಟಲೆ ಗುಳಿಗೆ ನುಂಗಿದಳು. ರೋಗ ಹೋಯಿತು, ಸ್ಪರ್ಶ ಮರಳಲಿಲ್ಲ. ಅವ್ವ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ನೆರೆಯವರು ನಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಆಣೆ ಮುರಿದ ನನ್ನ ಜೊತೆ ಅಕ್ಕ ಮುಂದಿನ ಸುಗ್ಗಿಯವರೆಗೂ ಮಾತಾಡಲಿಲ್ಲ.

ಮಕ್ಕಳೇ, ನಿಮ್ಮ ಪಾಠದ ಪುಸ್ತಕದಲ್ಲಿ ನರಗಳ ಬಣ್ಣದ ಚಿತ್ರವಿದೆ. ಅಂಥ ಮಚ್ಚೆಗೆ ಈಗ ಕೆಲವೇ ತಿಂಗಳ ಗುಳಿಗೆ ಸಾಕು. ಮೊನ್ನೆ ಗ್ಯಾಸಿನ ಮೇಲಿನ ಹಾಲಿನ ಪಾತ್ರೆ ತಾಕಿ, ನಿಮ್ಮಲ್ಲಿ ಚಿಕ್ಕವಳು ಕೈ ಹಿಂದಕ್ಕೆಳೆದು ಚೀರಿದಾಗ ಎಲ್ಲರೂ ಓಡಿಬಂದಿರಿ. ನಾನೊಬ್ಬಳೇ ಕುಳಿತಲ್ಲೇ “ಪುಣ್ಯ” ಎಂದೆ. ಅಜ್ಜಿಗೆ ಕರುಣೆಯೇ ಇಲ್ಲವೆಂದು ನೀವು ಮುನಿಸಿಕೊಂಡಿರಿ. ಆ ಚೀರು ಕೇಳಿ ನನಗೆಷ್ಟು ಸಮಾಧಾನವಾಯಿತೆಂದು ಹೇಳಲು ಆಗ ಬಾಯಿ ಬರಲಿಲ್ಲ.